ನನ್ನ ಕೈಗೆ ಹದಿನೆಂಟು, ಅವರ ಹಣೆಗೆ ಸೊನ್ನೆ

ಅಂಗವೈಕಲ್ಯವನ್ನು ಶೇಕಡಾವಾರು ಅಳೆದುಕೊಡುವ ಮಂಡಳಿಯ ಮುಖ್ಯ ವೈದ್ಯಾಧಿಕಾರಿಗಳೇ,

ಮಾನ್ಯರೇ ಎಂದು ಶುರುಮಾಡಬೇಕಂತೆ. ಆ ಮಾತನ್ನು ಪತ್ರದ ಕೊನೆಗೆ ಎತ್ತಿಟ್ಟಿದ್ದೇನೆ. ಅಲ್ಲಿಯವರೆಗೆ ಓದಿದರೆ ಅದು ನಿಮ್ಮದು. ದೂರು ಇಷ್ಟೇ. ಒಂದೇ ಮೇಜಿನ ಮೇಲೆ, ಒಂದೇ ಸಹಿಯಲ್ಲಿ, ನಾಲ್ಕು ತಿಂಗಳ ಅಂತರದಲ್ಲಿ ನೀವು ನಮ್ಮ ಮನೆಗೆ ಎರಡು ಪ್ರಮಾಣಪತ್ರ ಕೊಟ್ಟಿದ್ದೀರಿ. ಮೊದಲನೆಯದು ನನ್ನ ಗಂಡನದು: 'ಶೇಕಡಾ ಸೊನ್ನೆ, ಕೆಲಸಕ್ಕೆ ಯೋಗ್ಯ.' ಎರಡನೆಯದು ನನ್ನದು: 'ಬಲಗೈ, ಶೇಕಡಾ ಹದಿನೆಂಟು.' ನನ್ನ ಬಲಗೈಯನ್ನು ಮುರಿದವರು ನೀವು ಸೊನ್ನೆ ಕೊಟ್ಟ ಅದೇ ಮನುಷ್ಯ.

ತಗಡಿನ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ 'ಬೆಣ್ಣೆ' ಎಂದು ಕರೆಯುತ್ತಿದ್ದರು. ಹದಿಮೂರು ವರ್ಷದ ಸಂಸಾರದಲ್ಲಿ ನನ್ನ ಮೇಲೆ ದನಿ ಎತ್ತಿದವರಲ್ಲ. ನಾನೇ ಬಾಯಿಬಡುಕಿ, ಜಗಳ ತೆಗೆಯುತ್ತಿದ್ದವಳೂ ನಾನೇ; 'ಆಯ್ತು ಬಿಡೇ ಮಾರಾಯ್ತಿ' ಎಂದು ನಗುತ್ತಿದ್ದವರು ಅವರು. ಕಳೆದ ವರ್ಷ ಪ್ರೆಸ್ ಮಷೀನಿನ ಅಚ್ಚು ಒಡೆದು, ಮುಷ್ಟಿಗಾತ್ರದ ಉಕ್ಕಿನ ತುಂಡು ಹಾರಿ ಅವರ ಹಣೆಗೆ ಬಡಿಯಿತು. ಮೂಳೆ ಕೂಡಿತು, ಚರ್ಮ ಕೂಡಿತು. ಮನೆಗೆ ಬಂದ ಮನುಷ್ಯ ಮಾತ್ರ ಬೇರೆಯವರು. ಮೊದಲ ವಾರದಲ್ಲೇ ಬಾಗಿಲು ಕಿರುಗುಟ್ಟಿತು ಎಂದು ಅದನ್ನು ಒದ್ದು ಕಿತ್ತುಹಾಕಿದರು.

ನರರೋಗದ ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ನನಗೆ ತಿಳಿಸಿ ಹೇಳಿದರು. "ನೋಡಮ್ಮ, ಮೆದುಳಿನ ಆಳದಲ್ಲಿ ಬಾದಾಮಿಯಷ್ಟು ಗಾತ್ರದ ಒಂದು ಭಾಗ ಇದೆ, ಅಮಿಗ್ಡಲಾ ಅಂತ. ಭಯ, ಸಿಟ್ಟು ಅಲ್ಲಿ ಥಟ್ಟಂತ ಹೊತ್ಕೊಳ್ಳುತ್ತೆ. ನಿಮಗೂ ಹೊತ್ಕೊಳ್ಳುತ್ತೆ, ನನಗೂ ಹೊತ್ಕೊಳ್ಳುತ್ತೆ. ಹಣೆ ಹಿಂದೆ ಇರೋ ಈ ಭಾಗ 'ತಡಿ, ಬೇಡ' ಅನ್ನಬೇಕು. ನಿಮ್ಮವರಿಗೆ ಪೆಟ್ಟಾಗಿರೋದು ಇಲ್ಲೇ." ಈ ಭಾಗಗಳ ನಡುವೆ ಸುದ್ದಿ ಸಾಗಿಸುವ ಸೆರೊಟೋನಿನ್, ಡೋಪಮಿನ್ ಎಂಬ ರಾಸಾಯನಿಕಗಳಿವೆಯಂತೆ, ಅವುಗಳ ಏರುಪೇರನ್ನು ಹಿಡಿತಕ್ಕೆ ತರಲು ಮಾತ್ರೆಗಳಿವೆಯಂತೆ. "ಮೊದಲಿನ ಹಾಗೇ ಆಗ್ತಾರೆ ಅಂತ ಮಾತು ಕೊಡಲ್ಲ. ಆದ್ರೆ ಪುನಶ್ಚೇತನ ವಾರ್ಡಲ್ಲಿ ಆರು ತಿಂಗಳು ಇದ್ರೆ, ಸಿಟ್ಟಿಗೂ ಕೈಗೂ ನಡುವೆ ಒಂದು ಉಸಿರಿನಷ್ಟು ಜಾಗ ಮಾಡಬಹುದು." ಆ ವಾರ್ಡಿನ ಬಾಗಿಲು ತೆರೆಯಲು ನಿಮ್ಮ ಪ್ರಮಾಣಪತ್ರ ಬೇಕು, ಶೇಕಡಾ ನಲವತ್ತು ಇರಬೇಕು.

ಹಾಗಾಗಿ ಅವರನ್ನು ನಿಮ್ಮ ಕೋಣೆಗೆ ಕರೆತಂದೆ. ಆಹಾ, ಎಂಥ ಕೋಣೆ! ತಣ್ಣಗೆ, ಹೊರಗಿನ ಸದ್ದೇ ಇಲ್ಲ. ನೀವು ಹನ್ನೊಂದು ನಿಮಿಷ ಪರೀಕ್ಷಿಸಿದಿರಿ. ಕೈ ಎತ್ತಿ, ಕಾಲು ಎತ್ತಿ, ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ. ಅವರು ಎಲ್ಲೂ ಮುಗ್ಗರಿಸದೆ ಎರಡರವರೆಗೆ ಇಳಿದು ಬಂದರು. ಹೊರಡುವಾಗ ಕೆಳಗೆ ಬಿದ್ದ ನಿಮ್ಮ ಪೆನ್ನನ್ನೂ ಎತ್ತಿಕೊಟ್ಟರು. ಡಾಕ್ಟರಮ್ಮನ ನಾಲ್ಕು ಪುಟದ ವರದಿಯ ಮೇಲೆ ನಿಮ್ಮ ಚಹಾದ ಲೋಟ ಕೂತಿತ್ತು. ಅದರ ಮೂರನೇ ಪುಟದಲ್ಲೇ ಬರೆದಿತ್ತು ಸ್ವಾಮಿ: ಸದ್ದಿಲ್ಲದ ಕೋಣೆಯಲ್ಲಿ, ಒಂದೊಂದಾಗಿ ಪ್ರಶ್ನೆ ಕೇಳಿದರೆ ಇವರ ಊನ ಕಾಣುವುದಿಲ್ಲ ಎಂದು. ನೀವು ನನ್ನತ್ತ ತಿರುಗಿ, "ಇಷ್ಟು ಸಾಧು ಮನುಷ್ಯನ್ನ ಕರ್ಕೊಂಡು ಬಂದಿದ್ದೀರಲ್ಲಮ್ಮ! ಗಂಡಸರಿಗೆ ಸ್ವಲ್ಪ ಸಿಟ್ಟು ಇರುತ್ತೆ. ನೀವೇ ಹೊಂದ್ಕೊಂಡು ಹೋಗಿ" ಎಂದಿರಿ.

ಅದಾದ ಆರನೇ ದಿನ ಸಂಜೆ ನಾನು ಹೊಂದಿಕೊಂಡೆ. ಹೊಲಿಗೆ ಮಷೀನಿನ ಮುಂದೆ ಕೂತಿದ್ದೆ. ಅವರು ಬಂದು "ಕನ್ನಡಕ ಎಲ್ಲಿ?" ಎಂದರು. "ಒಂದ್ನಿಮಿಷ ಇರ್ರೀ, ಈ ತೋಳು ಮುಗಿಸಿಬಿಡ್ತೀನಿ" ಎಂದೆ. ಪಕ್ಕದ ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನನ್ನ ಬಲಗೈ ಮೇಲೆ ಕುಕ್ಕಿದರು. ಒಂದಲ್ಲ, ಮೂರು ಸಲ. ಮೊದಲ ಏಟಿಗೆ ಮೂಳೆ ಮುರಿದ ಸದ್ದು ಕೇಳಿಸಿತು, ಎರಡನೆಯದಕ್ಕೆ ಸೂಜಿ ನನ್ನ ಬೆರಳಿನ ಒಳಗೇ ಮುರಿಯಿತು, ಮೂರನೆಯದು ನನಗೆ ನೆನಪಿಲ್ಲ. ಮಗಳು ನೋಡಿದ್ದಾಳೆ, ಅವಳು ಹೇಳುತ್ತಾಳೆ. ಆಮೇಲೆ ಅವರು ಬಿಕ್ಕಿಬಿಕ್ಕಿ ಅತ್ತರು. ಹೊಲಿಯುತ್ತಿದ್ದ ಬಟ್ಟೆಯನ್ನೇ ಹರಿದು ಕೈಗೆ ಕಟ್ಟಿದರು. ಕಟ್ಟಿ ಮುಗಿಸಿ, "ಕನ್ನಡಕ ಎಲ್ಲಿ?" ಎಂದರು. ಅದು ಅವರ ಜೇಬಿನಲ್ಲೇ ಇತ್ತು.

ಆಸ್ಪತ್ರೆಗೆ ಬಂದ ಪೊಲೀಸಿನವರು, "ಕುಡೀತಾನಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ನೀವೇನಾದ್ರೂ ಅಂದ್ರಾ?" ಎಂದರು. ಲೋಕಕ್ಕೆ ಗೊತ್ತಿರುವುದು ಇವೆರಡೇ ಕಾರಣ.

ಇದನ್ನೆಲ್ಲ ಬರೆದು ಗಂಡನನ್ನು ಕ್ಷಮಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಮೆದುಳಿನ ದೋಷ ಎಂದು ಹೇಳಿದರೆ ನನ್ನ ಬೆರಳು ಮಡಚುತ್ತದೆಯೇ? ತಲೆಗೆ ಪೆಟ್ಟಾದವರೆಲ್ಲ ಹೊಡೆಯುವುದೂ ಇಲ್ಲ. ಡಾಕ್ಟರಮ್ಮನ ನರರೋಗದ ವಾರ್ಡಿನಲ್ಲೇ ಗೋಡೆ ನೋಡಿಕೊಂಡು ಸುಮ್ಮನೆ ಕೂತವರನ್ನು ಕಂಡಿದ್ದೇನೆ. ನನ್ನ ಪಾಲಿಗೆ ಬಂದದ್ದು ಹೊಡೆಯುವ ಕೈ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ಅದೇ ಇಸ್ತ್ರಿಪೆಟ್ಟಿಗೆಯಿಂದ ಅವರ ತಲೆಯನ್ನು ಜಜ್ಜುವುದನ್ನು ಹಾಡಹಗಲೇ ಕನಸಿನಂತೆ ಕಣ್ತುಂಬ ಕಂಡಿದ್ದೇನೆ. ಆಮೇಲೆ ನಿಮ್ಮ ತಲೆಯನ್ನು. ನನ್ನ ಹಣೆಯ ಹಿಂದಿನ ಭಾಗ ನೆಟ್ಟಗಿದೆ, ಆದ್ದರಿಂದ ಪತ್ರ ಬರೆಯುತ್ತಿದ್ದೇನೆ.

ಕಳೆದ ವಾರ ನನ್ನ ಕೈಯನ್ನು ನೀವು ಎಷ್ಟು ಮುತುವರ್ಜಿಯಿಂದ ಅಳೆದಿರಿ! ಒಂದೊಂದು ಬೆರಳೂ ಎಷ್ಟು ಮಡಚುತ್ತದೆ, ಹಿಡಿತ ಎಷ್ಟಿದೆ, ನಲವತ್ತು ನಿಮಿಷ. "ಅಯ್ಯೋ ಪಾಪ, ಹೊಲಿಗೆಯವರಿಗೆ ಬಲಗೈ ಹೋದ್ರೆ ಕಷ್ಟ. ಏನು ಬಿತ್ತಮ್ಮ ಕೈ ಮೇಲೆ?" ಎಂದು ಕೇಳಿದಿರಿ. "ನಿಮ್ಮ ಸೊನ್ನೆ ಬಿತ್ತು" ಎಂದೆ. ನಿಮಗೆ ಅರ್ಥವಾಗಲಿಲ್ಲ. ನಮ್ಮ ಗುರುತೂ ನಿಮಗಿರಲಿಲ್ಲ.

ಈಗ ಅವರ ರಜೆ ಮುಗಿದಿದೆ. ನಿಮ್ಮ 'ಯೋಗ್ಯ' ಎಂಬ ಪದವನ್ನು ನಂಬಿ ಕಾರ್ಖಾನೆಯವರು ಬರುವ ಸೋಮವಾರ ಅದೇ ಪ್ರೆಸ್ ಮಷೀನಿಗೆ ಕರೆದಿದ್ದಾರೆ. ಫೋರ್‌ಮನ್ ಮನೆಗೆ ಬಂದು ಬಾಗಿಲಲ್ಲೇ ನಿಂತರು. "ಅಕ್ಕಾ, ಕಾಗದದಲ್ಲಿ ಫಿಟ್ ಅಂತ ಇದೆ, ನಾನೇನ್ ಮಾಡ್ಲಿ? ಅಲ್ಲಿ ಎಲ್ಲರ ಕೈಯಲ್ಲೂ ಸುತ್ತಿಗೆ, ಸಲಾಕೆ. ಬೆಣ್ಣೆ ಪಕ್ಕದ ಮಷೀನಿಗೆ ಯಾರನ್ನ ನಿಲ್ಲಿಸ್ಲಿ, ನೀವೇ ಹೇಳಿ" ಎಂದರು. ನಾನು ಯಾರ ಮನೆಯ ಮಗನನ್ನು ತೋರಿಸಲಿ? ಆ ಹೆಸರನ್ನು ನೀವೇ ಬರೆದುಕೊಡಿ, ಸಹಿ ಹಾಕಿ ರೂಢಿಯಿದೆಯಲ್ಲ.

ನನ್ನ ಮಗಳಿಗೆ ಒಂಬತ್ತು ವರ್ಷ. ಅಪ್ಪನಿಗೆ ಸಿಟ್ಟು ಬರುವ ಮುಂಚೆ ಎಡಗಿವಿ ಕೆಂಪಾಗುತ್ತದೆ ಎಂದು ಕಂಡುಹಿಡಿದವಳು ಅವಳೇ. ಕಿವಿ ಕೆಂಪಾದೊಡನೆ ಚಾಕು, ಕತ್ತರಿ, ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಪಕ್ಕದ ಮನೆಗೆ ಓಡುತ್ತಾಳೆ. ನಿಮ್ಮ ಮಂಡಳಿಯಲ್ಲಿ ಒಂದು ಸ್ಥಾನ ಖಾಲಿಯಿದ್ದರೆ ಅವಳನ್ನು ನೇಮಿಸಿ. ಕೊನೆಯ ಪಕ್ಷ ಅವಳು ರೋಗಿಯ ಮುಖ ನೋಡುತ್ತಾಳೆ.

ನನ್ನ ಬೇಡಿಕೆ ಒಂದೇ. ಸೋಮವಾರಕ್ಕೆ ಮುಂಚೆ ಅವರನ್ನು ಮತ್ತೆ ಪರೀಕ್ಷಿಸಿ. ನಿಮ್ಮ ತಣ್ಣನೆಯ ಕೋಣೆಯಲ್ಲಲ್ಲ. ಮಷೀನುಗಳು ಬಡಿಯುತ್ತಿರುವ ಕಾರ್ಖಾನೆಯಲ್ಲಿ, ನೀವೇ ಅವರ ಪಕ್ಕ ನಿಂತು. ಲೋಟ ಎತ್ತಿ ಆ ವರದಿ ಓದಿ. ಓದಿದ ಮೇಲೂ ಸೊನ್ನೆಯೇ ಎನ್ನುವುದಾದರೆ ನನಗೆ ಕೊಟ್ಟ ಹದಿನೆಂಟನ್ನು ಹಿಂದಕ್ಕೆ ತೆಗೆದುಕೊಳ್ಳಿ. ಏಕೆಂದರೆ ಸೊನ್ನೆ ಯಾರ ಕೈಯನ್ನೂ ಮುರಿಯಲಾರದು.

ಈ ಪತ್ರದ ಮೊದಲ ಪ್ರತಿಯನ್ನು ಅವರಿಗೆ ಓದಿ ಹೇಳಿದೆ. ಅದರಲ್ಲಿ, ಮಗಳ ಮರ್ಯಾದೆಗೆ ಅಂಜಿ, 'ಕೈಗೆ ಪೆಟ್ಟಾಯಿತು' ಎಂದಷ್ಟೇ ಬರೆದಿದ್ದೆ. ಅವರ ಎಡಗಿವಿ ಕೆಂಪಾಯಿತು, ಮಗಳು ಕತ್ತರಿ ಎತ್ತಿಕೊಂಡು ಓಡಿದಳು, ಅವರು ಕಾಗದವನ್ನು ಚೂರುಚೂರು ಮಾಡಿ ಗೋಡೆಗೆ ಹಣೆ ಚಚ್ಚಿಕೊಂಡರು. ಗಾಯದ ಗೆರೆ ಬಿರಿದು ರಕ್ತ ಬಂತು. ಆಮೇಲೆ ಗೋಡೆಗೆ ಒರಗಿ ಕೂತು ಹೇಳಿದರು: "ಪೆಟ್ಟಾಯ್ತು ಅಂತ ಬರೀಬೇಡ ಕಣೇ. ನಾನು ಹೊಡೆದೆ ಅಂತ ಬರಿ. ಮೂರು ಸಲ ಅಂತ ಬರಿ. ಸೋಮವಾರ ನನ್ನ ಅಲ್ಲಿಗೆ ಕಳಿಸಬೇಡ."

ಇದು ಎರಡನೆಯ ಪ್ರತಿ, ಮಾನ್ಯರೇ.

ಇಂತಿ,
ಎಡಗೈಯಲ್ಲಿ ಅಕ್ಷರ ಕಲಿಯುತ್ತಿರುವ,
ನಿಮ್ಮ ಪ್ರಕಾರ ಹದಿನೆಂಟು ಪಾಲು ಮಾತ್ರ ಮುರಿದಿರುವ,
ಬೆಣ್ಣೆಯ ಹೆಂಡತಿ