ಟೇಪು ಅಂಟಿಸಿದ ಜಾಗ

ಮಂಗಳವಾರ, ಮಧ್ಯಾಹ್ನ

ನನ್ನ ಚಿನಕುರಳಿ,

ನಿನ್ನ ಕಾಗದ ತಲುಪಿತು. ನಿಮ್ಮೂರಿನ ನಾಟಕ ತಂಡಕ್ಕೆ ಗಿಟಾರು ನುಡಿಸುವವರು ಬೇಕಂತೆ, ಸ್ವರಲಿಪಿ ಓದಲು ಬರದಿದ್ದರೂ ಸರಿ, ಕಿವಿ ಚುರುಕಿದ್ದರೆ ಸಾಕಂತೆ. ನೀನೇ ಹೋಗಬಹುದಿತ್ತು. "ನನ್ ಕಿವಿ ಸಾಲಲ್ಲ ಚಿಕ್ಕಮ್ಮ, ನೀನೇ ಬಾ" ಎಂದು ಬರೆದಿದ್ದೀಯ. ಅರವತ್ತೊಂದನೇ ವಯಸ್ಸಿನಲ್ಲಿ ನನ್ನನ್ನು ರಂಗ ಹತ್ತಿಸುವ ಹುಚ್ಚು ನಿನಗೆ.

ಆಗುವುದಿಲ್ಲವೆಂದು ಬರೆಯಲು ಕೂತೆ. ಬೆರಳು ನೋವು ಎಂದು ಬರೆದು ಹರಿದೆ. ನೆಪಕ್ಕೇನು ಬರ? ನಿಜವನ್ನೇ ಬರೆಯುತ್ತೇನೆ.

ನಿನ್ನಮ್ಮ ನನ್ನನ್ನು ಕೋಣೆಯಿಂದ ಆಚೆ ಬಿಡುವುದಿಲ್ಲ. ಅವಳಿಗೆ ಮರೆವು ಜಾಸ್ತಿಯಾಗಿದೆ ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ. ನಾನು ಕಣ್ಣಿಗೆ ಕಾಣದಿದ್ದರೆ ಕೈ ಕೆಂಪಾಗುವವರೆಗೂ ಬಾಗಿಲು ಬಡಿಯುತ್ತಾಳೆ. ಟೈಲರ್ ಅಂಗಡಿಯ ಕೆಲಸ ಬಿಟ್ಟು ಏಳು ತಿಂಗಳಾಯಿತು. ಈಗ ಅವಳ ಮಂಚದ ಪಕ್ಕದಲ್ಲೇ ಹೊಲಿಗೆ ಮಿಷನ್ನು. ಸ್ನಾನಕ್ಕೆ ಹೋದರೂ ಬಾಗಿಲು ತೆರೆದಿಟ್ಟು ಮಾತಾಡುತ್ತಲೇ ಇರಬೇಕು.

ಅವಳು ಸುಮ್ಮನಾಗುವುದು ಒಂದೇ ಹಾಡಿಗೆ, ಗಿಟಾರಿನಲ್ಲಿ ನಾನು ಮೊದಲು ಕಲಿತದ್ದಕ್ಕೆ. ನನಗೆ ಗುರು ಅಂದರೆ ಟೇಪ್ ರೆಕಾರ್ಡರು. ಅಕ್ಕ ಗುಂಡಿ ಒತ್ತಿ ಟೇಪನ್ನು ಹಿಂದಕ್ಕೆ ಸುತ್ತುವಳು, ನಾನು ತಂತಿಯ ಮೇಲೆ ಆ ಸ್ವರ ತಡಕುವೆ. ಒಂದು ಸಾಲಿಗೆ ನಲವತ್ತು ಸಲ. ಆ ಟೇಪು ನಮ್ಮ ಕೈಗೆ ಬರುವ ಮೊದಲೇ ಹರಿದು, ಯಾರೋ ಅಂಟಿಸಿದ್ದು. ಅಲ್ಲಿ ನಾಲ್ಕು ಸ್ವರ ಹಾರಿಹೋಗಿವೆ ಎಂದು ತಿಳಿಯದೆ, ಹಾಡೇ ಹಾಗೆ ಅಂದುಕೊಂಡು ನಾನೂ ಅವನ್ನು ಹಾರಿಸಿಯೇ ಕಲಿತೆ. ಹೋದ ಸಲ ಬಂದಾಗ ನೀನು ಕಂಡುಹಿಡಿದೆ. "ಅಲ್ಲ ಚಿಕ್ಕಮ್ಮ, ನಾಲ್ಕು ಸ್ವರ ನುಂಗಿ ನೀರು ಕುಡಿದಿದೀಯಲ್ಲ" ಎಂದು ನಕ್ಕು, ಸರಿಯಾಗಿ ನುಡಿಸಿ ತೋರಿಸಿದೆ.

ಆಗಲೇ ಅಲ್ಲವೇ ಅಕ್ಕ "ಯಾರೇ ಇವಳು? ಕಳಿಸವಳನ್ನ" ಅಂದದ್ದು. ಹೆತ್ತವಳೇ ಮರೆತಳೆಂದು ನೀನು ಅಳುತ್ತಾ ಹೊರಟೆ.

ನೀನು ಹೋದ ಒಂದು ವಾರಕ್ಕೆ ನಾನೂ ಸರಿಯಾಗಿ ನುಡಿಸಿ ನೋಡಿದೆ. ನನಗೂ "ಯಾರೇ ನೀನು?" ಅಂದಳು. ಅವಳಿಗೆ ಒಗ್ಗದಿದ್ದದ್ದು ನೀನಲ್ಲ, ಆ ನಾಲ್ಕು ಸ್ವರ. ಇದನ್ನು ನಿನಗೆ ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಮಗಳಿಗಿಂತ ನಾನೇ ಬೇಕಾದೆನಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಆ ಹೆಮ್ಮೆ ಈಗ ಕುತ್ತಿಗೆಗೆ ಬಂದಿದೆ.

ದಿನಕ್ಕೆ ಮೂವತ್ತು ಸಲ ಅದೇ ಹಾಡು. ಅವಳಿಗೆ ಪ್ರತಿ ಸಲವೂ ಹೊಸದು. "ಚೆನ್ನಾಗಿದೆ ಕಣೇ, ಯಾವಾಗ ಕಲಿತೆ?" ಅನ್ನುತ್ತಾಳೆ. "ಈಗ ತಾನೇ" ಅನ್ನುತ್ತೇನೆ. ಒಮ್ಮೆ ನಾನು ನುಡಿಸಿದ್ದನ್ನೇ ಫೋನಿನಲ್ಲಿ ಹಾಕಿಟ್ಟು ಹಾಲು ತರಲು ಹೋಗಿ ನೋಡಿದೆ. ಖಾಲಿ ಕುರ್ಚಿ ನೋಡಿ ಕಿರುಚಿಕೊಂಡಳಂತೆ, ಪಕ್ಕದ ಮನೆಯವರು ಓಡಿಬಂದರು.

ನಾನು ನುಡಿಸಿದ್ದನ್ನು ನಿನ್ನ ಫೋನಿಗೆ ಕಳಿಸಿದ್ದೇನೆ. ನಲವತ್ತು ಸಲ ಕೇಳು. ನನ್ನ ತಪ್ಪನ್ನು ತಪ್ಪಿಲ್ಲದೆ ಕಲಿ. ಮುಂದಿನ ಶುಕ್ರವಾರ ಬಂದು ನನ್ನ ಕುರ್ಚಿಯಲ್ಲಿ ಕೂರು. ಅವಳು ನಿನ್ನನ್ನು ಒಪ್ಪುತ್ತಾಳೆ. ನನ್ನ ಹೆಸರು ಹಿಡಿದು ಕರೆದರೂ ಓಗೊಡು. ಮೂರು ದಿನ ಸಾಕು, ತಂಡದವರ ಮುಂದೆ ಒಮ್ಮೆ ನುಡಿಸಿ ಬಂದುಬಿಡುತ್ತೇನೆ.

ಇಗೋ, ಕರೆಯುತ್ತಿದ್ದಾಳೆ.

ನಿನ್ನ ದಾರಿ ಕಾಯುತ್ತಿರುವ,
ಚಿಕ್ಕಮ್ಮ

ಮರೆತಿದ್ದೆ: ಬರುವಾಗ ಹಿಂದಿರುಗುವ ಟಿಕೆಟ್ ತೆಗೆಸಬೇಡ. ತಂಡದವರಿಗೆ ನಿನ್ನೆಯೇ ಫೋನು ಮಾಡಿ ಒಪ್ಪಿಕೊಂಡೆ. ವರ್ಷವಿಡೀ ಊರೂರು ಸುತ್ತುವ ಕೆಲಸವಂತೆ.