ನಲವತ್ತೊಂದನೇ ಸಾಲಿನ ಗಡಿಗೆ

ಗದಗ, ಎರಡು ಸಾವಿರದ ನೂರಾ ಎಂಬತ್ತೇಳು, ಎರಡನೇ ಬೇಸಿಗೆ ಕಳೆದ ನಲವತ್ತನೇ ದಿನ.

ದ್ರಾಕ್ಷಾರಸದ ಸೀಮೆಗೆ ಹೋದಾಗ ಹಣ ಉಳಿಸುವುದು ಹೇಗೆ ಎಂದು ಬರೆದವರಿಗೆ, ನಿಮ್ಮ ಹೆಸರು ಪುಟದಿಂದ ಅಳಿಸಿಹೋಗಿರುವುದರಿಂದ ಹೆಸರಿಲ್ಲದೆಯೇ, ನಮಸ್ಕಾರ.

ನೀವು ಬರೆದು ನೂರಾ ಅರವತ್ತು ವರ್ಷ ಆಗಿದೆ. ಪುಟದ ಕೆಳಗೆ 'ನಿಮ್ಮ ಅಭಿಪ್ರಾಯ ಬರೆಯಿರಿ' ಎಂಬ ಒಂದು ಚೌಕವಿದೆ. ಇಷ್ಟು ವರ್ಷವಾದರೂ ಅದನ್ನು ಯಾರೂ ತುಂಬಿಲ್ಲ, ನಾನು ತುಂಬುತ್ತಿದ್ದೇನೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಬೇಕು. ಎರಡನೇ ಬೇಸಿಗೆ ಅಂದರೆ ನಿಮ್ಮ ಕಾಲದಲ್ಲಿ ಮಳೆ ಇದ್ದ ತಿಂಗಳುಗಳು. ದ್ರಾಕ್ಷಿ ತೋಟದವರು ಮಾತ್ರ ಇವತ್ತಿಗೂ ಏಪ್ರಿಲ್, ಅಕ್ಟೋಬರ್ ಎಂದೇ ಅನ್ನುತ್ತಾರೆ, ಯಾಕೆಂದರೆ ಬಳ್ಳಿಗೆ ಬೇರೆ ಪಂಚಾಂಗ ಗೊತ್ತಿಲ್ಲ. ನಾನೂ ಹಾಗೇ ಬರೆಯುತ್ತೇನೆ.

ನನ್ನ ಹೆಸರು ಇಂದ್ರವ್ವ ಸಾಲೋಟಗಿ. ವಯಸ್ಸು ಎಪ್ಪತ್ತೈದು. ನಲವತ್ತು ವರ್ಷ ನೆರಳುಬಟ್ಟೆ ಹೊಲಿದೆ. ಬೀದಿಯ ಈ ತುದಿಯಿಂದ ಆ ತುದಿಗೆ ತಲೆಯ ಮೇಲೆ ಕಟ್ಟುವ ಬಟ್ಟೆ ಅದು, ಇಲ್ಲದಿದ್ದರೆ ಹಗಲು ಹೊರಗೆ ಕಾಲಿಡಲಾಗದು. ನನ್ನ ಗಂಡ ಚೆನಮಲ್ಲ ಹಳೇಬರಹದ ಕಟ್ಟೆಯಲ್ಲಿ ಓದುಗನಾಗಿದ್ದ. ನಿಮ್ಮ ಕಾಲದವರು ಬರೆದು ಬಿಟ್ಟುಹೋದ ಪುಟಗಳಲ್ಲಿ ಅಳಿಯದೆ ಉಳಿದದ್ದನ್ನು ಓದಿ, ಬೇಕಾದದ್ದು ಯಾವುದು, ಕಸ ಯಾವುದು ಎಂದು ಬೇರೆ ಮಾಡುವ ಕೆಲಸ. ನಿಮ್ಮದನ್ನು ಮೇಲಿನವರು ಕಸಕ್ಕೆ ಹಾಕಿದ್ದರು. ಇವನು ಕೈಯಲ್ಲಿ ನಕಲು ಮಾಡಿಕೊಂಡು ಮನೆಗೆ ತಂದ. ಮದುವೆಯಾಗಿ ಆಗ ಎರಡು ವರ್ಷ. ಅಡುಗೆಮನೆಯ ಗೋಡೆಗೆ ಅಂಟಿಸಿ, ಇಷ್ಟು ಶಾಣ್ಯಾ ಮನುಷ್ಯರು ಆ ಕಾಲದಲ್ಲೂ ಇದ್ದರು ನೋಡು ಎಂದು ನನಗೆ ತೋರಿಸಿದ.

ಡೋಣಿ ಕಣಿವೆಯ ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಕಾಲದಲ್ಲಿ ಅಲ್ಲಿ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಿಸಿ, ಮಣೂಕ ಮಾಡಿ, ಕಿಲೋಗಟ್ಟಲೆ ಮಾರುತ್ತಿದ್ದರಂತೆ. ಆಮೇಲೆ ತಣ್ಣನೆಯ ದೇಶಗಳ ತೋಟಗಳು ಒಂದೊಂದಾಗಿ ಸುಟ್ಟುಹೋದವು, ಬಿಸಿಲಿಗೆ ಮೊದಲಿನಿಂದಲೂ ಒಗ್ಗಿದ್ದ ನಮ್ಮ ಬಳ್ಳಿ ಉಳಿಯಿತು. ಈಗ ಜಗತ್ತಿನ ಶ್ರೀಮಂತರೆಲ್ಲ ದ್ರಾಕ್ಷಾರಸ ಕುಡಿಯಲು ಆ ಕಣಿವೆಯ ತಿಕೋಟಾಕ್ಕೆ ಬಂದು ಇಳಿಯುತ್ತಾರೆ. ಗುಟುಕುಮನೆ ಎಂದು ಕರೆಯುವ ರುಚಿ ನೋಡುವ ಮನೆಗಳಲ್ಲಿ ಒಂದೊಂದು ಗುಟುಕಿಗೂ ದರ ಬರೆದು ಹಾಕಿರುತ್ತಾರೆ. ಆ ದರ ನೋಡಿದ ಮೊದಲ ದಿನ ನನಗೆ ನಗು ಬಂದಿತ್ತು. ಒಂದು ಗುಟುಕಿನ ದುಡ್ಡಿನಲ್ಲಿ ನಮ್ಮ ಓಣಿಗೆ ಒಂದು ಬೇಸಿಗೆಯ ನೆರಳು ಕಟ್ಟಬಹುದಿತ್ತು.

ಆದರೂ ಹೋದೆವು. ಮೂವತ್ತೊಂದು ಸಲ ಹೋದೆವು, ಎಲ್ಲ ನಿಮ್ಮ ದಯೆಯಿಂದ. ಜನ ಬರದ ಕಾಲದಲ್ಲಿ ಹೋಗಿ ಎಂದಿದ್ದಿರಿ, ನಾವು ಏಪ್ರಿಲ್ ಹಿಡಿದೆವು. ಏಪ್ರಿಲ್‌ನಲ್ಲಿ ಅಲ್ಲಿ ಬಿಸಿಲು ಐವತ್ತಕ್ಕೆ ಒಂದು ಕಡಿಮೆ, ಶ್ರೀಮಂತ ಒಬ್ಬನೂ ಇರುವುದಿಲ್ಲ. ದುಬಾರಿ ಊರಲ್ಲಿ ಉಳಿಯದೆ ಪಕ್ಕದ ಊರಲ್ಲಿ ಉಳಿಯಿರಿ ಎಂದಿದ್ದಿರಿ. ನಾವು ಪಕ್ಕದ ಊರಲ್ಲೂ ಕೋಣೆ ಹಿಡಿಯದೆ ಹಳೇ ಮಣೂಕ ಶೆಡ್ಡಿನಲ್ಲಿ ಚಾಪೆ ಹಾಸಿದೆವು. ಊಟ ಕಟ್ಟಿಕೊಂಡು ಹೋಗಿ ಎಂದಿದ್ದಿರಿ. ನಾಲ್ಕು ದಿನಕ್ಕಾಗುವಷ್ಟು ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಗಡ್ಡೆ ಉಳ್ಳಾಗಡ್ಡಿ. ಒಂದು ಬಟ್ಟಲನ್ನು ಇಬ್ಬರು ಹಂಚಿಕೊಳ್ಳಿ ಎಂದಿದ್ದಿರಿ. ಅವನು ಅರ್ಧ ಕುಡಿದು ನನಗೆ ಕೊಡುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಅವನ ತುಟಿ ತಾಗದ ಬಟ್ಟಲನ್ನು ನಾನು ಅಲ್ಲಿ ಮುಟ್ಟಿಲ್ಲ. ಕೂಡಲಸಂಗಮದ ದಾರಿಯಲ್ಲಿ, ಚಾವಣಿ ಹೊದಿಸಿದ ನಮ್ಮ ನೆರಳುಗಾಡಿ ನಿಂತಾಗ ಬೇರೆಯವರು ಎಳನೀರು ಕುಡಿಯುತ್ತಿದ್ದರು, ನಾವು ಮನೆಯಿಂದ ತಂದ ಮಜ್ಜಿಗೆ ಕುಡಿಯುತ್ತಿದ್ದೆವು. ಅವನಿಗೆ ಅದರಲ್ಲೇ ಒಂದು ಖುಷಿ. ಜಿಪುಣ ಅನ್ನಬೇಡಿ, ನಾನೇ ಬೇಕಾದಷ್ಟು ಅಂದಿದ್ದೇನೆ.

ನಿಮ್ಮ ಪುಟದಲ್ಲಿ ಇಲ್ಲದ್ದು ಒಂದಿತ್ತು. ಅದನ್ನು ಅವನೇ ಪತ್ತೆ ಮಾಡಿದ. ಬಳ್ಳಿಯ ಕುಡಿ ಕತ್ತರಿಸುವುದಕ್ಕೆ ಅಲ್ಲಿ ಚಾಟ್ನಿ ಎನ್ನುತ್ತಾರೆ, ವರ್ಷಕ್ಕೆ ಎರಡು ಸಲ, ಏಪ್ರಿಲ್‌ಗೊಮ್ಮೆ, ಅಕ್ಟೋಬರ್‌ಗೊಮ್ಮೆ. ಏಪ್ರಿಲ್ ಉರಿಯಲ್ಲಿ ಕೂಲಿಯವರು ಸಿಗುವುದಿಲ್ಲ. ಅದಕ್ಕೇ ತೋಟದವರು ಒಂದು ಪದ್ಧತಿ ಇಟ್ಟಿದ್ದಾರೆ: ಬಂದವರು ಒಂದು ಸಾಲು ಚಾಟ್ನಿ ಮಾಡಿಕೊಟ್ಟರೆ ಆ ಸಾಲಿನ ಹಣ್ಣಿನ ರಸವನ್ನು ಬೇರೆ ಮಣ್ಣಿನ ಗಡಿಗೆಯಲ್ಲಿ ಹೂತು, ಕುತ್ತಿಗೆಗೆ ಅವರ ಹೆಸರಿನ ತಗಡು ಕಟ್ಟುತ್ತಾರೆ. ಹೂತ ಮೇಲೆ ಬರುವ ನಾಲ್ಕನೇ ಅಕ್ಟೋಬರ್‌ಗೆ ಅದನ್ನು ತೆಗೆದಾಗ ಮೊದಲ ಗುಟುಕು ಅವರಿಗೆ ಪುಕ್ಕಟೆ. ಇದಕ್ಕೆ ಸಾಲುಗುಟುಕು ಎಂದು ಹೆಸರು. ಅಕ್ಟೋಬರ್‌ನಲ್ಲಿ ಬರಲು ಆಗದವರು ಆ ಹಕ್ಕನ್ನು ಏಪ್ರಿಲ್‌ನಲ್ಲೇ ತೋಟದ ಲೆಕ್ಕದ ಕಿಟಕಿಯಲ್ಲಿ ಬಿಟ್ಟುಕೊಟ್ಟು, ಬದಲಿಗೆ ಆಗಲೇ ಎರಡು ಬಟ್ಟಲು ಸಾದಾ ರಸ ತೆಗೆದುಕೊಳ್ಳಬಹುದು.

ನಾವು ಪ್ರತಿ ಸಲ ಬಿಟ್ಟುಕೊಟ್ಟೆವು. ಅಕ್ಟೋಬರ್ ಅಂದರೆ ಸೀಜನ್, ಗಾಡಿಯಿಂದ ಹಿಡಿದು ನೀರಿನವರೆಗೆ ನಾಲ್ಕು ಪಟ್ಟು. ಒಂದು ಗುಟುಕಿಗಾಗಿ ಅಷ್ಟು ಖರ್ಚು ಮಾಡಿಕೊಂಡು ಯಾರು ಹೋಗುತ್ತಾರೆ ಎಂದು ಅವನು ಅನ್ನುತ್ತಿದ್ದ, ನಾನು ತಲೆ ಆಡಿಸುತ್ತಿದ್ದೆ. ಸಿಕ್ಕ ಎರಡು ಬಟ್ಟಲಲ್ಲಿ ಇವತ್ತು ಒಂದು ಹಂಚಿಕೊಂಡು, ನಾಳೆಗೆ ಇನ್ನೊಂದು. ಹೀಗೆ ಮೂವತ್ತು ಸಾಲು ನಮ್ಮ ಕೈಯಿಂದ ಹೋದವು, ಒಂದರದ್ದೂ ರುಚಿ ಗೊತ್ತಿಲ್ಲ.

ಕೊನೆಯ ಏಪ್ರಿಲ್‌ನಲ್ಲಿ ಅವನು ತೋಟದ ನಲವತ್ತೊಂದನೇ ಸಾಲು ಮಾಡಿದ. ಕಿಟಕಿಗೆ ಒಬ್ಬನೇ ಹೋಗಿ ಒಂದೇ ಬಟ್ಟಲು ಹಿಡಿದುಕೊಂಡು ಬಂದು, ಈಗ ಕಾಯಿದೆ ಬದಲಾಗಿದೆ, ಒಂದೇ ಕೊಡುತ್ತಾರಂತೆ ಅಂದ. ನಾನು ಮೂಗು ಮುರಿದೆ. ಮರಳಿ ಬಂದು ಎರಡು ತಿಂಗಳಿಗೆ, ಊಟ ಮಾಡಿ ಕೈ ತೊಳೆಯಲು ಎದ್ದವನು ಬಚ್ಚಲ ಬಾಗಿಲಲ್ಲಿ ಕುಸಿದ. ಆಮೇಲೆ ನಾಲ್ಕು ವರ್ಷ ನಾನು ಹೇಗಿದ್ದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಉಂಡೆ, ಮಲಗಿದೆ, ಎದ್ದೆ. ಅತ್ತವರನ್ನೆಲ್ಲ ನಾನೇ ಸಮಾಧಾನ ಮಾಡಿ ಕಳಿಸಿದೆ. ಒಳಗೆ ಎಲ್ಲ ಮರಗಟ್ಟಿತ್ತು, ಈಗಲೂ ಬಹಳ ಮಟ್ಟಿಗೆ ಹಾಗೇ ಇದೆ. ಉಪ್ಪು ಹೆಚ್ಚಾಗಿದೆಯೋ ಕಡಿಮೆಯೋ ಎಂದು ಪಕ್ಕದ ಮನೆಯವಳನ್ನು ಕರೆದು ರುಚಿ ನೋಡಿಸುತ್ತೇನೆ.

ಈ ಬೇಸಿಗೆಯಲ್ಲಿ ತೋಟದಿಂದ ಕಾಗದ ಬಂತು. ಸಾಲು ನಲವತ್ತೊಂದು, ಚೆನಮಲ್ಲ, ಹಕ್ಕು ಬಿಟ್ಟುಕೊಟ್ಟಿಲ್ಲ, ಅಕ್ಟೋಬರ್ ಹನ್ನೆರಡಕ್ಕೆ ಗಡಿಗೆ ತೆಗೆಯುತ್ತೇವೆ ಎಂದು. ಅಂದರೆ ಅವನು ನನಗೆ ಸುಳ್ಳು ಹೇಳಿದ್ದ. ಹಕ್ಕನ್ನು ಉಳಿಸಿಕೊಂಡು, ಆ ಬಟ್ಟಲನ್ನು ದುಡ್ಡು ಕೊಟ್ಟು ತಂದಿದ್ದ. ಸತ್ತವರ ಪಾಲಿನ ಗುಟುಕು ಅವರ ಮನೆಯವರಿಗೆ ಬೇಕಾದರೆ ತಾವೇ ಬಂದು ಅದೇ ಸಾಲನ್ನು ಚಾಟ್ನಿ ಮಾಡಿ ಪಡೆಯಬೇಕು. ಇಲ್ಲದಿದ್ದರೆ ಪೂರ್ತಿ ಗಡಿಗೆ ಮಾರಾಟ. ಅವನ ಕೈ ಮುಟ್ಟಿದ್ದರಲ್ಲಿ ಈ ಜಗತ್ತಿನಲ್ಲಿ ನಾನಿನ್ನೂ ರುಚಿ ನೋಡದೆ ಉಳಿದದ್ದು ಅದೊಂದೇ. ನನಗೆ ಅದು ಬೇಕಿತ್ತು. ನಾಲ್ಕು ವರ್ಷದಲ್ಲಿ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು.

ಹೋದೆ. ಅಕ್ಟೋಬರ್‌ನ ಕಣಿವೆಯನ್ನು ಆಗಲೇ ಮೊದಲ ಸಲ ನೋಡಿದ್ದು. ಗಾಳಿ ತಣ್ಣಗೆ, ದಾರಿಯುದ್ದಕ್ಕೂ ಜನ, ಅವರ ಮೈಮೇಲೆ ತೆಳು ರೇಷ್ಮೆ. ನಾನು ಮಾತ್ರ ನಿಮ್ಮ ಪುಟದ ಪ್ರಕಾರವೇ ನಡೆದೆ. ಶೆಡ್ಡಿನಲ್ಲೇ ಮಲಗಿದೆ, ರೊಟ್ಟಿ ಗಂಟು ಬಿಚ್ಚಿದೆ. ಸಾಲುಗಳ ಮೇಲ್ವಿಚಾರಕಿ ರಾಚವ್ವ ಎಂಬಾಕೆ, ಮೂವತ್ತು ದಾಟಿರದವಳು, ಕತ್ತರಿ ಕೈಗೆ ಕೊಟ್ಟು ಚಾಟ್ನಿ ಬರುತ್ತದೆಯೋ ಎಂದು ಕೇಳಿದಳು. ನೀ ಹುಟ್ಟುವ ಮೊದಲಿಂದ ಮಾಡುತ್ತಿದ್ದೇನೆ ಅಂದೆ. ಜಂಬ ಅಲ್ಲದೆ ಮತ್ತೇನು. ಅವಳು ನಕ್ಕು ಬೇರೆ ಸಾಲಿಗೆ ಹೋದಳು.

ಮುಂಜಾನೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸಿದೆ. ಏನೂ ಯೋಚಿಸಲಿಲ್ಲ. ಕೈ ಅದರಷ್ಟಕ್ಕೆ ನಡೆಯಿತು. ಕುಡಿ ಹಿಡಿ, ಬುಡಕ್ಕೆ ಬಾ, ಒಂದು ಕಣ್ಣು ಬಿಡು, ಕತ್ತರಿಸು. ಕಣ್ಣು ಅಂದರೆ ಮೊಗ್ಗು ಒಡೆಯುವ ಗಂಟು. ಏಪ್ರಿಲ್‌ನಲ್ಲಿ ಹಾಗೆ ಒಂದೇ ಕಣ್ಣು ಬಿಟ್ಟು ಬೋಳು ಮಾಡಬೇಕು, ಬಳ್ಳಿ ಹೊಸ ಕಡ್ಡಿ ಬೆಳೆಸಲಿ ಎಂದು. ಅಕ್ಟೋಬರ್‌ನಲ್ಲಿ ಆರೇಳು ಕಣ್ಣು ಬಿಡಬೇಕು, ಹಣ್ಣು ಇರುವುದು ಆ ಮೇಲಿನ ಕಣ್ಣುಗಳಲ್ಲಿ. ಗೊತ್ತಿರಲಿಲ್ಲ ಅಂದರೆ ಸುಳ್ಳಾದೀತು. ಕೇಳಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕೊನೆಯ ಬಳ್ಳಿ ಮುಗಿಸಿ ಬೆನ್ನು ನೆಟ್ಟಗೆ ಮಾಡಿ ತಿರುಗಿ ನೋಡಿದರೆ, ಅಕ್ಕಪಕ್ಕದ ಸಾಲುಗಳು ಮೊಳಕೈ ಉದ್ದದ ಕಡ್ಡಿ ಹೊತ್ತು ನಿಂತಿವೆ, ನನ್ನದೊಂದು ಬೋಳು ತಂತಿ.

ರಾಚವ್ವ ಬಂದು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಒಂದು ಗಿಡದ ಬುಡ ಮುಟ್ಟಿ ನೋಡಿ, ಮೆಲ್ಲಗೆ ಹೇಳಿದಳು.

"ಯವ್ವಾ, ಇದು ಏಪ್ರಿಲ್ ಕೈ. ಈ ಸಾಲು ಬರೂ ವರ್ಷ ಒಂದು ಗೊನಿನೂ ಬಿಡೂದಿಲ್ಲ."

ಸಾಲು ಕೆಡಿಸಿದವರಿಗೆ ಗುಟುಕಿಲ್ಲ. ಅದು ಅವಳು ಮಾಡಿದ ಕಾಯಿದೆಯಲ್ಲ, ಅವಳ ಕೈಯಲ್ಲಿ ಬದಲಿಸಲು ಆಗುವುದೂ ಅಲ್ಲ. ದುಡ್ಡು ಕೊಟ್ಟು ಕೊಳ್ಳೋಣವೆಂದರೆ ಆ ದಿನದ ದರ ನನ್ನ ಐದು ತಿಂಗಳ ಪಿಂಚಣಿ. ನನಗೆ ಅಳು ಬರಲಿಲ್ಲ. ಆಯ್ತು ಅಂದೆ, ಕತ್ತರಿ ಒರೆಸಿ ಕೊಟ್ಟೆ. ಊರಿಗೆ ಹೋಗುವ ಗಾಡಿಗೆ ಇನ್ನೂ ಹೊತ್ತಿತ್ತು, ಗುಟುಕುಮನೆಯ ಹಿಂದಿನ ಕಟ್ಟೆಯ ಮೇಲೆ ಕೂತೆ. ಒಳಗೆ ಗಡಿಗೆ ತೆಗೆದರು. ಒಬ್ಬೊಬ್ಬರಾಗಿ ಬಂದರು, ಬಟ್ಟಲು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು, ಬಾಯಿ ಮುಕ್ಕಳಿಸಿ ಹಿತ್ತಾಳೆ ಪೀಕದಾನಿಗೆ ಉಗಿದರು. ಬಹಳ ತಿಳಿದವರು ನುಂಗುವುದಿಲ್ಲವಂತೆ. ನಾನು ಹಿಂಬದಿ ಕಿಟಕಿಯ ಸರಳುಗಳ ನಡುವಿನಿಂದ ಎಲ್ಲವನ್ನೂ ನೋಡಿದೆ.

ಮೂರು ಗಂಟೆಗೆ ಗಡಿಗೆ ಖಾಲಿಯಾಯಿತು. ರಾಚವ್ವ ಅದನ್ನು ಸೊಂಟದ ಮೇಲೆ ಹೊತ್ತು ಹಿಂದಕ್ಕೆ ಬಂದು ನನ್ನ ಮುಂದೆ ಇಳಿಸಿದಳು. ಮುಖ ಬೇರೆ ಕಡೆ ತಿರುಗಿಸಿಕೊಂಡು, "ಗಡಿಗಿ ತೊಳಿಯಾಕ ಇವತ್ತ ಯಾರೂ ಬಂದಿಲ್ಲ. ನೀವು ತೊಳೀತೀರೇನು?" ಅಂದಳು. ತೊಳೆಯಬಾರದೆಂದು ಯಾವ ಕಾಯಿದೆಯಲ್ಲೂ ಇರಲಿಲ್ಲ. ಒಂದು ಚೊಂಬು ನೀರು ಇಟ್ಟು ಹೊರಟುಹೋದಳು.

ಗಡಿಗೆಯೊಳಗೆ ಮುಖ ಇಟ್ಟೆ. ಹಸಿ ಮಣ್ಣು, ಮಣೂಕ, ಸ್ವಲ್ಪ ಸುಟ್ಟ ಬೆಲ್ಲ. ಅವನ ವಾಸನೆ ಏನೂ ಇರಲಿಲ್ಲ. ಇರುತ್ತದೆ ಎಂದು ಯಾಕೆ ಅಂದುಕೊಂಡಿದ್ದೆನೋ. ಮುಖ ಎತ್ತುವಾಗ ಕುತ್ತಿಗೆಗೆ ಕಟ್ಟಿದ ತಗಡು ಗಲ್ಲಕ್ಕೆ ತಾಗಿತು. ಹೆಸರು, ಸಾಲು, ಗಡಿಗೆ ತೆಗೆಯುವ ದಿನ, ಅದರ ಕೆಳಗೆ ಬಟ್ಟಲು ಎಷ್ಟು ಎಂಬಲ್ಲಿ ಮೊಳೆಯಿಂದ ಕೊರೆದ ಅವನ ಅಕ್ಷರ: ಎರಡು. ಪಕ್ಕದಲ್ಲಿ ಇನ್ನೂ ಸಣ್ಣದಾಗಿ, ಆ ದಿನಕ್ಕೆ ಇಂದ್ರಿಗೆ ಎಪ್ಪತ್ತೈದು, ಅವಳ ಬಟ್ಟಲು ಅವಳಿಗೇ.

ಎರಡನೆಯ ಬಟ್ಟಲಿನ ದುಡ್ಡನ್ನೂ ಆಗಲೇ ಕಟ್ಟಿದ್ದ, ಅದರ ಮುದ್ರೆ ತಗಡಿನ ಮೇಲಿತ್ತು. ಹಕ್ಕು ಹೋದಾಗ ಅದೂ ಹೋಯಿತು.

ಆಗ ನನಗೆ ಸಿಟ್ಟು ಬಂತು. ನಾಲ್ಕು ವರ್ಷದ್ದೂ ಒಟ್ಟಿಗೆ. ಅವನ ಮೇಲೆ, ನನ್ನ ಕೈಯ ಮೇಲೆ, ಕ್ಷಮಿಸಿ, ನಿಮ್ಮ ಮೇಲೂ. ಚೊಂಬಿನ ನೀರು ಗಡಿಗೆಗೆ ಹಾಕಿ ಸುತ್ತಲೂ ಆಡಿಸಿದೆ. ನೀರು ತೆಳು ಕೆಂಪಾಯಿತು. ತೊಳೆದ ಆ ನೀರನ್ನು ಚೆಲ್ಲದೆ ಬೊಗಸೆಯಲ್ಲಿ ಹಿಡಿದು ಕುಡಿದೆ, ಕೊನೆಯ ಹನಿಯವರೆಗೆ ಕುಡಿದೆ. ಹುಳಿ ಇತ್ತು, ಒಗರು ಇತ್ತು. ಅವು ನನಗೆ ಗೊತ್ತಾದವು. ಒಂದು ಪೈಸೆ ಖರ್ಚಾಗಲಿಲ್ಲ, ಅವನಿದ್ದಿದ್ದರೆ ವರ್ಷವಿಡೀ ಹೇಳಿಕೊಂಡು ತಿರುಗುತ್ತಿದ್ದ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಸಲಹೆ ಯಾವುದೂ ತಪ್ಪಲ್ಲ, ಅವುಗಳಿಂದಲೇ ನಾವು ಮೂವತ್ತೊಂದು ಸಲ ಹೋಗಿ ಬಂದೆವು, ಇಲ್ಲದಿದ್ದರೆ ಒಂದು ಸಲವೂ ಹೋಗುತ್ತಿರಲಿಲ್ಲ. ಅದಕ್ಕೆ ನಿಮಗೆ ಋಣಿ. ಆದರೆ ಸಾಧ್ಯವಾದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿ. ಒಂದು ಸಲ ಸೀಜನ್‌ನಲ್ಲಿ ಹೋಗಿ, ಪೂರ್ತಿ ದರ ಕೊಡಿ, ಇಬ್ಬರೂ ಇರುವಾಗಲೇ ಎಂದು ಬರೆಯಿರಿ. ನೀವು ಬರೆದರೆ ಅವನು ಓದುತ್ತಾನೆ. ನಾನು ಹೇಳಿದ್ದಕ್ಕಿಂತ ನೀವು ಬರೆದದ್ದನ್ನು ಅವನು ಹೆಚ್ಚು ನಂಬುತ್ತಿದ್ದ.

ಗಡಿಗೆ ಬೋರಲು ಹಾಕಿ ಗಾಡಿಗೆ ಹೊರಟಾಗ ರಾಚವ್ವ ಬೇಲಿಯ ತನಕ ಬಂದಳು. ಬೋಳಾದ ಸಾಲು ಏಪ್ರಿಲ್‌ಗೆ ಚೆನ್ನಾಗಿ ಚಿಗುರಿರುತ್ತದೆ, ಆಗ ಅದಕ್ಕೆ ನಿಮ್ಮ ಕೈಯೇ ಬೇಕು, ಬನ್ನಿ ಅಂದಳು. ಬರುತ್ತೇನೆ ಅಂದೆ. ಆ ಹಣ್ಣಿನ ಗಡಿಗೆ ತೆಗೆಯುವಾಗ ನನಗೆ ಎಂಬತ್ತು. ಇರುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೂ ಹೋಗುವ ದಾರಿಯಲ್ಲಿ ಕಿಟಕಿಯ ಮುಂದೆ ನಿಂತು, ನಲವತ್ತೊಂದನೇ ಸಾಲು, ಹಕ್ಕು ಬಿಟ್ಟುಕೊಡುವುದಿಲ್ಲ, ಗಡಿಗೆ ತೆಗೆಯುವ ಅಕ್ಟೋಬರ್‌ಗೆ ಗುಟುಕುಮನೆಯಲ್ಲೇ ಒಂದು ಕೋಣೆ ಬೇಕು ಎಂದು ಬರೆಸಿದೆ. ಮುಂಗಡಕ್ಕೆ ಕಿವಿಯೋಲೆ ಬಿಚ್ಚಿ ಕೊಟ್ಟೆ, ಚೌಕಾಸಿ ಮಾಡಲಿಲ್ಲ. ಕಿಟಕಿಯ ಹುಡುಗಿ ಬಟ್ಟಲು ಎಷ್ಟು ಎಂದು ಕೇಳಿದಳು.

ಎರಡು ಅಂದೆ.

ಇಂತಿ,
ಇಂದ್ರವ್ವ ಚೆನಮಲ್ಲ ಸಾಲೋಟಗಿ