ಮನೆಯವರ ಮಾತು

ತಿಲಕ್ ನಗರ, ಬೆಂಗಳೂರು
೧೬ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಕ್ಕ ದಾನಮ್ಮನಿಗೆ ತಂಗಿ ಶರಣಮ್ಮನ ಶರಣು.

ಒಂದು ವಾರದಿಂದ ನಿನ್ನ ಫೋನು ಎತ್ತಿಲ್ಲ, ತಪ್ಪಾಯಿತು. ತಿಲಕ್ ನಗರದಿಂದ ಹುಳಿಮಾವಿಗೆ ಎಷ್ಟು ದೂರ, ಅದಕ್ಕೆ ಕಾಗದ ಯಾಕೆ ಅಂತ ಬೈಯಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಹೇಳಬೇಕಾದದ್ದು ಅಲ್ಲೇ ಸಾಯುತ್ತದೆ. ಕಾಗದದ ಮುಂದೆ ನೀನು ಸುಮ್ಮನಿರಲೇಬೇಕು.

ಆರೋಗ್ಯ ಸರಿಯಿದೆ. ಕೆಳಗಿನ ಮನೆಯವರು ಗೋಡೆ ಕೊರೆಸುತ್ತಿದ್ದಾರೆ, ಎರಡು ದಿನ ಬಚ್ಚಲಲ್ಲಿ ಕೂತು ಬರೆದೆ. ಆಟಿಸಂ ಇರುವ ನಾನು, ನನ್ನಂಥವರು, ಕಣ್ಣಿಲ್ಲದವರು, ಕಾಲಿಲ್ಲದವರು ಈ ಊರಿನಲ್ಲಿ ಹೇಗೆ ಬದುಕುತ್ತೇವೆಂದು ಪತ್ರಿಕೆಗಳಿಗೆ ಬಿಡಿ ಲೇಖನ ಬರೆಯುತ್ತ ಹನ್ನೊಂದು ವರ್ಷವಾಯಿತು. ಯಾವ ಕಚೇರಿಯಲ್ಲೂ ನನಗೊಂದು ಕುರ್ಚಿಯಿಲ್ಲ. ಈ ಸಲ ಜಯನಗರದ ಆ ಮಾಸಪತ್ರಿಕೆಯವರು ನಿಮ್ಮದೇ ಬದುಕು ಬರೆಯಿರಿ, ಮುಖಪುಟ ಲೇಖನ ಮಾಡುತ್ತೇವೆ ಅಂದರು. ಎಂಟು ಪುಟ, ನನ್ನ ಹೆಸರಿನಲ್ಲಿ. ಮೊದಲು ನಿನಗೇ ಫೋನ್ ಮಾಡಿ ಹೇಳಿದ್ದೆ, ನೆನಪಿದೆಯಾ?

ಬರೆದುಕೊಟ್ಟೆ. ಸಂಪಾದಕ ಗುಂಡಣ್ಣನವರು ಓದಿ ಕನ್ನಡಕ ತೆಗೆದರು. "ಸಖತ್ತಾಗಿದೆ ಶರಣಮ್ಮ. ಆದ್ರೆ ಕೋಪ ಜಾಸ್ತಿ ಆಯ್ತು. ನಮ್ಮ ಓದುಗರು ರಿಟೈರ್ಡ್ ಜನ, ಬಿ.ಪಿ. ಇರುತ್ತೆ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬೇಜಾರ್ ಮಾಡ್ಕೋಬೇಡಿ, ನಿಮ್ಮನ್ನ ನೋಡಿದ್ರೆ ಆಟಿಸಂ ಇರೋರ ಥರ ಕಾಣಲ್ಲ."

"ನೀವೂ ಸಂಪಾದಕರ ಥರ ಕಾಣಲ್ಲ ಸಾರ್," ಅಂದೆ.

ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಆ ಪತ್ರಿಕೆಯಲ್ಲಿ ಒಂದು ಪದ್ಧತಿ ಇದೆ. ನಮ್ಮಂಥವರು ಏನು ಬರೆದರೂ ಪಕ್ಕದಲ್ಲಿ 'ಮನೆಯವರ ಮಾತು' ಅಂತ ಒಂದು ಬಾಕ್ಸ್ ಇರಲೇಬೇಕು. ಸಕ್ಕರೆ ಕಾಯಿಲೆಯವನು ಬರೆದರೆ ಅವನ ಹೆಂಡತಿಯನ್ನು ಕೇಳುವುದಿಲ್ಲ. ಮಂತ್ರಿ ಬರೆದರೆ ಅವನ ಅವ್ವನನ್ನು ಕೇಳುವುದಿಲ್ಲ. ನಮ್ಮ ಬದುಕಿಗೆ ಮಾತ್ರ ಸಾಕ್ಷಿ ಬೇಕು, ಕಳ್ಳರಿಗೆ ಜಾಮೀನು ಕೇಳಿದ ಹಾಗೆ. ಇದನ್ನೆಲ್ಲ ತಿಳಿದೂ ನಾನೇ ನಿನ್ನ ನಂಬರ್ ಕೊಟ್ಟೆ.

ಉಪಸಂಪಾದಕಿ ಕಾತ್ಯಾಯಿನಿ ನಿನ್ನ ಮಾತನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡಳು. ಬೇಕಾಗಿದ್ದದ್ದು ಆರು ಸಾಲು. ನೀನು ಐವತ್ತು ನಿಮಿಷ ಮಾತಾಡಿದೆ. ಮರುದಿನ ಗುಂಡಣ್ಣನವರು ನನ್ನನ್ನು ಕರೆಸಿದರು.

"ನಿಮ್ಮಕ್ಕ ನಮ್ಮ ಹುಡುಗೀನ ಅಳಿಸಿಬಿಟ್ರಮ್ಮ. ಏನ್ ತಾಳ್ಮೆ ರೀ ಆಯಮ್ಮಂದು! ಮುಖಪುಟಕ್ಕೆ ಅವರದ್ದೇ ಹಾಕೋಣ. ನಿಮ್ಮದು ಬಾಕ್ಸಲ್ಲಿ ಬರುತ್ತೆ, ಆರು ಸಾಲು."

"ಅವಳದ್ದನ್ನ ಯಾರು ಬರೀತಾರೆ ಸಾರ್?"

"ನೀವೇ. ನಿಮ್ಮ ಗದಗಿನ ಭಾಷೆ ಕಾತ್ಯಾಯಿನಿಗೆ ಅರ್ಥ ಆಗಲ್ಲ. ರೆಕಾರ್ಡಿಂಗ್ ಕಳಿಸ್ತಾಳೆ, ಕೇಳ್ಕೊಂಡು ಅಕ್ಕನ ಹೆಸರಲ್ಲಿ ಬರೆದುಕೊಡಿ."

ಅಕ್ಕ, ನಾನು ಚಳವಳಿಯಲ್ಲಿ ಬೆಳೆದವಳು. ಗಾಲಿಕುರ್ಚಿಯವರ ಜೊತೆ ಟೌನ್ ಹಾಲ್ ಮೆಟ್ಟಿಲ ಮೇಲೆ ಕೂತು ಪೊಲೀಸರಿಂದ ಎಳೆಸಿಕೊಂಡವಳು. ಆಗೋದಿಲ್ಲ ಅಂದು ನನ್ನ ಲೇಖನ ಕಿತ್ತುಕೊಂಡು ಎದ್ದು ಬರಬೇಕಿತ್ತು. ಹೂಂ ಅಂದೆ. ನೀನು ನನ್ನ ಬಗ್ಗೆ ಏನು ಹೇಳಿದ್ದೀ ಎಂದು ಕೇಳುವ ಚಪಲ.

ಬುಧವಾರ ರೆಕಾರ್ಡಿಂಗ್ ಬಂತು. "ಆಕಿ ಕೂದಲಾ ಬಾಚಾಕ ಬಿಡತಿದ್ದಿಲ್ರಿ ಮೇಡಂ. ಮದುವಿ ಮನಿಗೆ ಕರಕೊಂಡು ಹೋದ್ರ ಪಂಕ್ತಿಯೊಳಗ ಕುಂತು ಚೀರತಿದ್ಲು. ನಾ ನನ್ನ ಜೀವಾನ ತೇದೀನ್ರಿ ಆಕಿ ಸಲುವಾಗಿ." ಇಪ್ಪತ್ಮೂರು ಸಲ 'ಪಾಪ' ಅಂದಿದ್ದೀ. ನಾನು ಬರೆಯುವುದರ ಬಗ್ಗೆ ಕಾತ್ಯಾಯಿನಿ ತಾನಾಗಿ ಕೇಳಿದಾಗ, "ಏನೋ ಗೀಚತಾಳ್ರಿ, ಹೊತ್ತು ಹೋಗಬೇಕಲ್ರಿ," ಅಂದಿದ್ದೀ.

ಅದನ್ನೂ ಬರೆದೆ. ಎಲ್ಲವನ್ನೂ ಬರೆದೆ. ಮೂರು ದಿನದಲ್ಲಿ ಮುಗಿಸಿದೆ, ನಾನು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯದು. ಗುಂಡಣ್ಣನವರು ಮೊದಲ ಪುಟ ಓದಿ ಕಣ್ಣೊರೆಸಿಕೊಂಡು ನಿನ್ನೆ ಅಚ್ಚಿಗೆ ಕಳಿಸಿಬಿಟ್ಟರು. ಗುರುವಾರ ಹುಳಿಮಾವಿನ ಅಂಗಡಿಗಳಿಗೂ ಬರುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಹೆಂಗಸರ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಸಾರಿದ್ದೀಯಂತೆ, ಇಪ್ಪತ್ತು ಪ್ರತಿ ಹೇಳಿಟ್ಟಿದ್ದೀಯಂತೆ. ಒಳ್ಳೆಯದು. ಎಲ್ಲರಿಗೂ ಹಂಚು.

ಭಾವ ಬಸವಂತನಿಗೆ ಶರಣು ಹೇಳು. ನಿನ್ನ ಮಗಳು ಸಮನ್ವಿತಾಗೆ ನಾಲ್ಕು ತುಂಬಿತಲ್ಲ, ಅವಳಿಗೆ ಈ ಚಿಗವ್ವನ ಮುತ್ತು. ನೂರು ವರ್ಷ ಬಾಳಲಿ, ತನಗೆ ತೋಚಿದ ಹಾಗೆ ಬಾಳಲಿ.

ನಿನ್ನ ತಂಗಿ
ಶರಣಮ್ಮ

ವಿ.ಸೂ.: ಮಾತು ಮುಗಿದ ಮೇಲೆ ಫೋನು ಕಟ್ಟಾಯಿತೆಂದು ನೀನು ತಿಳಿದೆ. ಆಗಿರಲಿಲ್ಲ. ಕಾತ್ಯಾಯಿನಿಯೂ ನೋಡಲಿಲ್ಲ. ರೆಕಾರ್ಡಿಂಗ್ ಇನ್ನೂ ಒಂಬತ್ತು ನಿಮಿಷ ಓಡಿದೆ. ಮಗು ಒಳಗಿನಿಂದ ಬಾಗಿಲು ಬಡಿಯುವ ಸದ್ದು. ಎರಡು ಬಡಿತ, ಬಿಡುವು, ಎರಡು ಬಡಿತ. ಆಮೇಲೆ ನಿನ್ನ ದನಿ: "ಬಡಿ, ಎಷ್ಟ್ ಬಡಿತಿ ಬಡಿ. ನಿಮ್ಮ ಚಿಗವ್ವನಂಗ ಆಗ್ತಿಯೇನ? ಆಕೀನೂ ಹಿಂಗ ಒಳಗ ಹಾಕೇ ದಾರಿಗೆ ತಂದೀನಿ ನಾ."

ಅವ್ವ ಸತ್ತ ಮೇಲೆ ನೀನು ಗದಗಿನ ಮನೆಯ ಕಟ್ಟಿಗೆ ಕೋಣೆಯಲ್ಲಿ ನನ್ನನ್ನು ಹಾಕಿ ಚಿಲಕ ಹಾಕುತ್ತಿದ್ದೆ. ಒಂದೊಂದು ಸಲ ದಿನವಿಡೀ. ಹನ್ನೊಂದು ವರ್ಷದಲ್ಲಿ ಮೇಷ್ಟ್ರು, ಡಾಕ್ಟರು, ಸರ್ಕಾರ, ಎಲ್ಲರ ಬಣ್ಣವನ್ನೂ ಬಯಲು ಮಾಡಿದೆ. ಅನ್ನ ಹಾಕಿದವಳೆಂದು ನಿನ್ನೊಬ್ಬಳನ್ನು ಬಿಟ್ಟೆ. ಆ ಮೌನದ ಫಲವನ್ನು ಈಗ ನಾಲ್ಕು ವರ್ಷದ ಕೂಸು ಉಣ್ಣುತ್ತಿದೆ. ಕೇಳಿದ ಮೇಲೂ, ಅಚ್ಚಿಗೆ ಹೋಗಲಿ ಅಂತ ನಾಲ್ಕು ದಿನ ಕಾದೆ. ಆ ನಾಲ್ಕು ದಿನ ನನ್ನ ತಪ್ಪು.

ಆ ಒಂಬತ್ತು ನಿಮಿಷವೂ ಲೇಖನದ ಕೊನೆಯ ಪುಟದಲ್ಲಿದೆ. ಒಂದಕ್ಷರ ಬದಲಿಸಿಲ್ಲ. ಮಗುವಿನ ಹೆಸರು ಹಾಕಿಲ್ಲ. ನಿನ್ನದು ಹಾಕಿದ್ದೇನೆ, ದಪ್ಪಕ್ಷರದಲ್ಲಿ.

ಈ ಕಾಗದವನ್ನು ಬಾಗಿಲ ಸಂದಿಯಿಂದ ತಳ್ಳಿದವಳು ನಾನೇ. ಹೊರಗೆ ನಿಂತಿದ್ದೇನೆ. ನನಗೆ ಆಮೇಲೆ ತೆಗೆಯುವೆಯಂತೆ. ಮೊದಲು ಹೋಗಿ ಆ ಕೂಸಿಗೆ ತೆಗೆ.